ಸುಮ್ಮನೆ ಹೋಗುವವರು

ತಪ್ಪು ನಮ್ಮದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಬಂದು ಹೇಳುವುದು ಬೇಡ.

ಆ ದಿನ ಜಕಾರ್ತಾದಿಂದ ನಮ್ಮ ದ್ವೀಪಕ್ಕೆ ಬಂದ ಹುಡುಗಿ ನಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಹೆಸರು ವಿದ್ಯಾಸ್ತುತಿ, ಕರೆಯುವುದು ವಿದ್ಯಾ ಅಂತ. ನನ್ನ ಮಗಳ ವಯಸ್ಸು. ಆದರೆ ಕಚೇರಿಯವಳು, ಅದಕ್ಕೇ ನಾವೆಲ್ಲ ಅವಳನ್ನು ಇಬು ಅನ್ನುತ್ತಿದ್ದೆವು, ಅಮ್ಮಾವ್ರು ಅಂದ ಹಾಗೆ. ಕೈಯಲ್ಲೊಂದು ಟ್ಯಾಬ್ ಹಿಡಿದು ಮನೆಮನೆಗೆ ಹೋಗಿ, ಯಾರು ಏನು ಕೆಲಸ ಮಾಡುತ್ತಾರೆ ಅಂತ ಬರೆದುಕೊಳ್ಳುತ್ತಿದ್ದಳು.

"ಯೊಸಿನಾ ಅಕ್ಕ, ನೀವೇನ್ ಕೆಲಸ ಮಾಡ್ತೀರಾ?"

ನಾನು ಆಗತಾನೇ ಇಳಿತದಿಂದ ಬಂದಿದ್ದೆ. ನೀರು ಇಳಿದಾಗ ಕಡಲು ಅರ್ಧ ಮೈಲಿ ಹಿಂದೆ ಸರಿದು ಹವಳದ ನೆಲ ತೆರೆದುಕೊಳ್ಳುತ್ತದಲ್ಲ, ಅದಕ್ಕೆ ನಾವು ಇಳಿತ ಅನ್ನುತ್ತೇವೆ. ಮೊಣಕಾಲ ತನಕ ಕೆಸರಾಗಿತ್ತು. ಬುಟ್ಟಿಯಲ್ಲಿ ಚಿಪ್ಪು, ನಾಲ್ಕು ಏಡಿ, ಎರಡು ಅಷ್ಟಪದಿ, ಆಕ್ಟೋಪಸ್ ಅನ್ನುತ್ತಾರಲ್ಲ ಅದು. ಅಷ್ಟಪದಿಯನ್ನು ಕಲ್ಲಿಗೆ ಬಡಿಯುತ್ತಿದ್ದೆ. ಬಡಿಯದಿದ್ದರೆ ಎಷ್ಟು ಬೇಯಿಸಿದರೂ ಅದು ಚಪ್ಪಲಿಯೇ.

"ನಾನಾ? ಏನೂ ಇಲ್ಲ ಇಬು."

"ಮತ್ತೆ ಇದೆಲ್ಲಾ?"

"ಇದಾ? ನೀರಿಳಿದಾಗ ಸುಮ್ನೆ ಹೋಗ್ತೀವಿ. ಸಾರಿಗೆ ಏನಾದ್ರೂ ಸಿಗತ್ತೆ."

ಅವಳು ಬೆರಳಲ್ಲಿ ಒಂದು ಕಡೆ ಒತ್ತಿದಳು. ಗೃಹಿಣಿ.

ಜಗಲಿಯಲ್ಲಿ ನನ್ನ ಗಂಡ ಬೊನಿಫಾಸ್ ಕೂತಿದ್ದ. ಅವನನ್ನೂ ಕೇಳಿದಳು. "ಮೀನುಗಾರ," ಅಂದ, ಎದೆ ಉಬ್ಬಿಸಿ. ಅವನ ದೋಣಿಯ ತಳ ತೂತಾಗಿ ಆರು ವರ್ಷ ಆಗಿದೆ. ಈಗ ಅದರಲ್ಲಿ ನಮ್ಮ ಕೋಳಿ ಮೊಟ್ಟೆ ಇಡುತ್ತದೆ. ಅವಳು ಅದಕ್ಕೂ ಒಂದು ಕಡೆ ಒತ್ತಿದಳು.

ನಮ್ಮಲ್ಲಿ ಮೀನುಗಾರಿಕೆ ಅಂದರೆ ದೋಣಿ, ಗಾಳ, ಬಲೆ ಮತ್ತು ಗಂಡಸು. ಹೆಂಗಸರು ಮಾಡುವುದಕ್ಕೆ ಹೆಸರಿಲ್ಲ. ನಮ್ಮ ಅಜ್ಜಿಯರೂ ಸುಮ್ಮನೆ ಹೋಗುತ್ತಿದ್ದರು, ನಮ್ಮ ತಾಯಂದಿರೂ ಸುಮ್ಮನೆ ಹೋಗುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರಿನ ತೊಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಟ್ಟವರ ಹಾಗೆ ಅದೇ ಮಾತು ಹೇಳಿದೆವು. ತೊಂಬತ್ತು ಗೃಹಿಣಿಯರಾದೆವು. ನಮ್ಮ ಗುರುತಿನ ಕಾರ್ಡಿನಲ್ಲೂ ಮೊದಲಿಂದ ಅದೇ ಇತ್ತು.

ಈ ಸುಮ್ಮನೆ ಅನ್ನುವ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನೀರು ಇಳಿಯತೊಡಗಿದೊಡನೆ ಇಳಿಯಬೇಕು, ಏರುವ ಮೊದಲು ಬರಬೇಕು. ನಡುವಿನ ಮೂರೂವರೆ ಗಂಟೆ ಸೊಂಟ ಬಗ್ಗಿಯೇ ಇರುತ್ತದೆ. ಕಬ್ಬಿಣದ ಸಲಾಕೆಯಿಂದ ಒಂದೊಂದೇ ಕಲ್ಲು ಮಗುಚಬೇಕು, ನೋಡಿ ಮತ್ತೆ ಮೊದಲಿದ್ದ ಹಾಗೇ ಕೂರಿಸಬೇಕು. ಕೂರಿಸದಿದ್ದರೆ ಅದರಡಿ ಮುಂದಿನ ಸಲ ಏನೂ ಇರುವುದಿಲ್ಲ. ಇದನ್ನು ನಮಗೆ ಯಾವ ಕಂಪನಿಯೂ ಕಲಿಸಲಿಲ್ಲ. ಹವಳ ಕೊಯ್ದ ಗಾಯಕ್ಕೆ ಉಪ್ಪುನೀರು ತಾಗಿ ಉರಿಯುತ್ತದೆ. ಬೆನ್ನ ಮೇಲೆ ವಿಷದ ಮುಳ್ಳಿರುವ ಕಲ್ಲುಮೀನು ತುಳಿದರೆ ಎರಡು ದಿನ ಬೊಬ್ಬೆ ಹೊಡೆಯಬೇಕು. ನಾನು ಎರಡು ಸಲ ತುಳಿದಿದ್ದೇನೆ. ಹೆರಿಗೆ ಇದಕ್ಕಿಂತ ಸಲೀಸು. ಗಾಳಿಮಳೆಯ ನಾಲ್ಕು ತಿಂಗಳು ಗಂಡಸರ ದೋಣಿ ದಡದಲ್ಲಿ ಮಲಗಿರುತ್ತದೆ. ಆಗ ಊರಿಗೆ ಊರೇ ತಿನ್ನುವುದು ಈ ಸುಮ್ಮನೆಯನ್ನೇ.

ಮುಂದಿನ ವರ್ಷ ಕಂಪನಿ ಬಂತು. ಹೆಸರು 'ನೀಲಿ ನಾಳೆ'. ಯಾವುದೋ ದೂರದ ದೇಶಗಳ ಬಂಡವಾಳವಂತೆ. ಇಳಿತದ ಅಂಚಿನಲ್ಲಿ ಪಂಜರ ಹಾಕಿ ಮುರುಮೀನು ಅನ್ನುವ ದುಬಾರಿ ಮೀನು ಸಾಕುತ್ತಾರಂತೆ. ಅದು ಜೀವಂತವಾಗಿ ವಿಮಾನ ಹತ್ತಿ ದೊಡ್ಡ ಊರುಗಳ ಹೋಟೆಲಿಗೆ ಹೋಗುತ್ತದಂತೆ. ನಮ್ಮಲ್ಲಿ ಇನ್ನೂ ವಿಮಾನ ಹತ್ತಿದವರಿಲ್ಲ.

ಊರ ಸಭಾಮಂದಿರದಲ್ಲಿ ಬಿಳಿ ಪರದೆ ಕಟ್ಟಿ ಚಿತ್ರ ತೋರಿಸಿದರು. ಮ್ಯಾನೇಜರ್ ಮಾತಿಗೊಮ್ಮೆ ಸುಸ್ಥಿರ, ಸುಸ್ಥಿರ ಅನ್ನುತ್ತಿದ್ದ. ನನ್ನ ಪಕ್ಕ ಕೂತಿದ್ದ ದೆಲ್ಫಿನಾ ಅಕ್ಕ ನನ್ನನ್ನು ತಿವಿದು ಕೇಳಿದಳು.

"ಈ ಸುಸ್ಥಿರ ಅಂದ್ರೆ ಯಾವ ಮೀನೇ?"

"ಗೊತ್ತಿಲ್ಲ ಅಕ್ಕ. ನಾನೂ ತಿಂದಿಲ್ಲ."

ದೆಲ್ಫಿನಾ ಅಕ್ಕನಿಗೆ ಎಪ್ಪತ್ತು ದಾಟಿದೆ. ಒಂಟಿ ಹೆಂಗಸು. ಹಲ್ಲಿಲ್ಲ, ಮಕ್ಕಳಿಲ್ಲ, ಇಳಿತ ಬಿಟ್ಟರೆ ಬೇರೆ ಗತಿಯಿಲ್ಲ. ಅವಳಷ್ಟು ಚೆನ್ನಾಗಿ ಅಷ್ಟಪದಿಯ ಬಿಲ ಪತ್ತೆ ಮಾಡುವವರು ನಮ್ಮ ಕೇಯಿ ದ್ವೀಪಗಳಲ್ಲೇ ಇಲ್ಲ ಅಂತ ನನ್ನ ನಂಬಿಕೆ.

ಆಮೇಲೆ ಫಲಾನುಭವಿಗಳ ಪಟ್ಟಿ ಓದಿದರು. ಊರಿನ ಮೀನುಗಾರರೆಲ್ಲ ಕಂಪನಿಯ ಪಾಲುದಾರರು. ಮೊದಲ ಹೆಸರು ಬಾಪಾ ರಾಜನದು. ನಮ್ಮಲ್ಲಿ ಊರ ಯಜಮಾನನಿಗೆ ರಾಜ ಅಂತಲೇ ಕರೆಯುವುದು. ಕಿರೀಟ ಇಲ್ಲ, ಮೋಟಾರುಬೈಕು ಇದೆ. ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಮನುಷ್ಯ. ಅವನೂ ಮೀನುಗಾರ. ನನ್ನ ಗಂಡ ಮೀನುಗಾರ. ದೆಲ್ಫಿನಾ ಅಕ್ಕನ ಗಂಡ ಯಾಕೋಬುಸ್ ತೀರಿಹೋಗಿ ಎರಡು ವರ್ಷವಾಗಿತ್ತು, ಹೆಸರು ತೆಗೆಸುವುದು ಮರೆತಿದ್ದರು. ಅವನೂ ಮೀನುಗಾರ, ಅವನೂ ಪಾಲುದಾರ. ಅವನ ಹೆಂಡತಿ ಬದುಕಿದ್ದಳು, ಹಾಗಾಗಿ ಪಟ್ಟಿಯಲ್ಲಿ ಇರಲಿಲ್ಲ.

ಕೊನೆಗೆ ಹೇಳಿದರು, ಪಂಜರದ ಮೀನಿಗೆ ಶುದ್ಧ ನೀರು ಬೇಕು, ಹವಳಕ್ಕೂ ವಿಶ್ರಾಂತಿ ಬೇಕು, ಆದ್ದರಿಂದ ಇಳಿತವನ್ನು ಸಂರಕ್ಷಿತ ವಲಯ ಮಾಡುತ್ತೇವೆ ಅಂತ. ನಮ್ಮ ಹಿರಿಯರೂ ಕಡಲನ್ನು ಮುಚ್ಚುತ್ತಿದ್ದರು. ಎಳೆ ತೆಂಗಿನಗರಿ ಕಟ್ಟಿದರೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಆದರೆ ಕಟ್ಟುವ ದಿನವೇ ಬಿಚ್ಚುವ ದಿನವನ್ನೂ ಹೇಳುತ್ತಿದ್ದರು. ನಾನು ಎದ್ದು ನಿಂತೆ.

"ಇಳಿತ ಮುಚ್ಚಿದ್ರೆ ಮತ್ತೆ ಯಾವತ್ತು ತೆಗೀತೀರಾ? ಅಲ್ಲೀತನಕ ನಾವೇನು ತಿನ್ನೋದು?"

"ತಾವು ಯಾರು?"

"ಯೊಸಿನಾ. ಬೊನಿಫಾಸ್ ಹೆಂಡ್ತಿ."

ಮ್ಯಾನೇಜರ್ ತನ್ನ ಪಕ್ಕ ಕೂತಿದ್ದ ವಿದ್ಯಾಳ ಕಡೆ ನೋಡಿದ. ಹೋದ ವರ್ಷ ಅವಳು ಬರೆದುಕೊಂಡದ್ದು ಈ ಕಂಪನಿಗೇ. ಅವಳು ಟ್ಯಾಬ್ ನೋಡಿ ಏನೋ ಪಿಸುಗುಟ್ಟಿದಳು.

"ಇದು ಮೀನುಗಾರರ ಸಭೆ, ಇಬು," ಅಂದ, ತುಂಬಾ ಮರ್ಯಾದೆಯಿಂದಲೇ. "ಒಳಗೆ ಟೀ ಆಯ್ತಾ ಅಂತ ಸ್ವಲ್ಪ ನೋಡ್ತೀರಾ?"

ಗಂಡಸರು ನಕ್ಕರು. ಬೊನಿಫಾಸನೂ ನಕ್ಕ. ನಾನು ಒಳಗೆ ಹೋಗಿ ಟೀ ಮಾಡಿದೆ. ಆ ಟೀಗೆ ಸಕ್ಕರೆಯನ್ನೂ ಸರಿಯಾಗಿಯೇ ಹಾಕಿದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ವಾರದೊಳಗೆ ಇಳಿತದ ಸುತ್ತ ಕಂಬ ನೆಟ್ಟು ಹಗ್ಗ ಎಳೆದರು. ದಡದಲ್ಲೊಂದು ಬೋರ್ಡು ನಿಲ್ಲಿಸಿದರು. 'ಇಲ್ಲಿ ಮೀನುಗಾರಿಕೆ ನಿಷೇಧಿಸಲಾಗಿದೆ.' ಕಾಯಲು ಮೆಲ್ಕಿಯನ್ನು ನೇಮಿಸಿದರು. ದೆಲ್ಫಿನಾ ಅಕ್ಕನ ತಂಗಿಯ ಮೊಮ್ಮಗ, ಮದುವೆಯಾಗಿ ಎರಡು ಮಕ್ಕಳಿರುವವನು. ಖಾಕಿ ಅಂಗಿ, ಪೀಪಿ, ಬೂಟು. ಉಪ್ಪುನೀರಲ್ಲಿ ಬೂಟು ಹಾಕಿಕೊಂಡು ನಿಂತವನನ್ನು ನಮ್ಮೂರು ನೋಡಿದ್ದು ಅದೇ ಮೊದಲು.

ಹೆಂಗಸರಿಗೂ ಕೆಲಸ ಕೊಟ್ಟರು, ಇಲ್ಲವೆನ್ನುವ ಹಾಗಿಲ್ಲ. ಮುರುಮೀನಿಗೆ ತಿನ್ನಲು ಮೀನೇ ಬೇಕು. ಅದು ಒಂದು ಕಿಲೋ ಮೈ ತುಂಬಿಕೊಳ್ಳಬೇಕಾದರೆ ಏಳೆಂಟು ಕಿಲೋ ಸಣ್ಣಮೀನು ನುಂಗಬೇಕು. ನಮ್ಮ ಪಾಲುದಾರ ಗಂಡಸರು ಬಲೆ ಹಾಕಿ, ನಾವು ದಿನಾ ಸಾರು ಮಾಡುತ್ತಿದ್ದ ಮೀನನ್ನೇ ರಾಶಿರಾಶಿ ತಂದು ಸುರಿಯುತ್ತಿದ್ದರು. ನಾವು ಅದನ್ನು ಹೆಚ್ಚುವವರು. ಬೆಳಗ್ಗೆ ಆರರಿಂದ ಕುಕ್ಕರಗಾಲಲ್ಲಿ ಕೂತು, ಬೆರಳಿನ ಗೆಣ್ಣು ಬಾತುಕೊಳ್ಳುವ ತನಕ ಹೆಚ್ಚುವುದು. ಮುಳ್ಳು ಚುಚ್ಚಿ ಉಗುರಿನಡಿ ಕೀವಾಗುತ್ತಿತ್ತು. ಒಂದು ಮೀನನ್ನೂ ಮನೆಗೆ ಒಯ್ಯುವ ಹಾಗಿರಲಿಲ್ಲ. ಹೊರಡುವಾಗ ಸೊಂಟಕ್ಕೆ ಸುತ್ತಿದ ಸರೋಂಗಿನ ಗಂಟು ಬಿಚ್ಚಿ ತೋರಿಸಬೇಕಿತ್ತು. ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯಲ್ಲಿ ಡಬ್ಬಿ ಮೀನು ಕೊಳ್ಳುತ್ತಿದ್ದೆವು. ಸುತ್ತ ಕಡಲು, ಊಟಕ್ಕೆ ಡಬ್ಬಿ. ಬಹುಶಃ ಸುಸ್ಥಿರ ಅಂದರೆ ಇದೇ ಮೀನು ಅಂತ ನಾನು ದೆಲ್ಫಿನಾ ಅಕ್ಕನಿಗೆ ಹೇಳಿದೆ.

ಅವಳಿಗೆ ಆ ಕೆಲಸವನ್ನೂ ಕೊಡಲಿಲ್ಲ. ಕೈ ನಡುಗುತ್ತದೆ ಅಂದರು. ಅವಳು ತಿಂಗಳುಗಟ್ಟಲೆ ಬರೀ ಮರಗೆಣಸಿನ ರೊಟ್ಟಿ ನೀರಿಗದ್ದಿ ತಿಂದಳು. ನಾವು ಕೊಟ್ಟರೆ ಬೇಡ ಅನ್ನುತ್ತಿದ್ದಳು. ಒಂದು ದಿನ ತಡೆಯಲಾರದೆ ಹಗ್ಗದಡಿ ನುಸುಳಿ ಇಳಿತಕ್ಕೆ ಹೋದಳು.

ಮೆಲ್ಕಿ ಪೀಪಿ ಊದಿದ. ಅವಳನ್ನು ದಡಕ್ಕೆ ಕರೆತಂದು ಬುಟ್ಟಿಯನ್ನು ಎಲ್ಲರೆದುರು ಮರಳಿಗೆ ಸುರಿದ. ಹಿಡಿ ಚಿಪ್ಪು, ಒಂದು ಮರಿ ಏಡಿ. ಅವಳ ಸಲಾಕೆ ಕಿತ್ತುಕೊಂಡ. ಮ್ಯಾನೇಜರ್ ಬಂದು, ಉಳಿದವರಿಗೂ ಬುದ್ಧಿ ಬರಲಿ ಅಂತ ಅವಳನ್ನು ಬೋರ್ಡಿನ ಪಕ್ಕ ನಿಲ್ಲಿಸಿದ. ಮಧ್ಯಾಹ್ನದ ಬಿಸಿಲು. ಎಪ್ಪತ್ತು ದಾಟಿದವಳು. ನೆನೆದ ಸರೋಂಗು ಅವಳ ಮೈಮೇಲೇ ಒಣಗಿ ಉಪ್ಪು ಹಿಡಿಯಿತು. ಶಾಲೆಯ ಮಕ್ಕಳು ನೋಡುತ್ತಾ ಹೋದರು. ಮೆಲ್ಕಿ ಬೆನ್ನು ತಿರುಗಿಸಿ ನಿಂತಿದ್ದ. ಅವನ ಮೈಯಲ್ಲಿ ಇರುವ ಅರ್ಧ ಮಾಂಸ ಅವಳು ಆರಿಸಿ ತಂದ ಚಿಪ್ಪಿನದು. ನಾನು ಹೆಚ್ಚುವ ಕತ್ತಿ ಹಿಡಿದು ಶೆಡ್ಡಿನಿಂದ ನೋಡುತ್ತಿದ್ದೆ. ನನಗೆ ಬಂದ ಸಿಟ್ಟಿಗೆ ಆ ಕತ್ತಿ ಚಿಕ್ಕದಾಗಿತ್ತು.

ಎರಡು ತಿಂಗಳ ಮೇಲೆ ವಿದ್ಯಾ ಮತ್ತೆ ಬಂದಳು. ಈ ಸಲ ಬಲು ಪ್ರೀತಿ.

"ಅಕ್ಕ, ಕಂಪನಿಗೆ ಸುಸ್ಥಿರ ಅಂತ ಪ್ರಮಾಣಪತ್ರ ಕೊಡೋಕೆ ಹೊರದೇಶದಿಂದ ಸಾಹೇಬ್ರು ಬರ್ತಿದಾರೆ. ಹತ್ತು ಜನ ಮೀನುಗಾರ ಮಹಿಳೆಯರು ಬೇಕು. ನೀವು ಒಬ್ರು."

"ನಾವು ಗೃಹಿಣಿಯರಲ್ವಾ ಇಬು?"

"ಫೋಟೋಗೆ ಅಕ್ಕ. ಫೋಟೋದಲ್ಲಿ ಮೀನುಗಾರರು."

"ಹಾಗಾದ್ರೆ ಇಳಿತ ನಮಗೆ ಬಿಡ್ತಾರಾ?"

"ಅದು ಬೇರೆ ವಿಭಾಗ."

ನೀಲಿ ಅಂಗಿ ಕೊಟ್ಟರು. ಎದೆಯ ಮೇಲೆ ಬರೆದಿತ್ತು: 'ನಾನು ಮೀನುಗಾರ್ತಿ. ನಾನು ಸುಸ್ಥಿರ.' ನನ್ನ ಕೈಗೊಂದು ಐದು ಕಿಲೋದ ಮುರುಮೀನು ಕೊಟ್ಟು ನಗಿ ಅಂದರು. ಅದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅಷ್ಟು ದಿನ ಅದಕ್ಕೆ ಉಣಿಸಿದವಳು ನಾನು, ಅದನ್ನು ಮುಟ್ಟಿದ್ದು ಅವತ್ತೇ.

ಸಾಹೇಬ ಒಳ್ಳೆಯ ಮನುಷ್ಯನ ಹಾಗೇ ಕಂಡ. ಮೂಗು ಬಿಸಿಲಿಗೆ ಸುಲಿದಿತ್ತು. ನನ್ನ ಹತ್ತಿರ ಬಂದು ಏನೋ ಕೇಳಿದ. ವಿದ್ಯಾ ನಮ್ಮ ಮಾತಿಗೆ ತಂದಳು.

"ಎಷ್ಟು ವರ್ಷದಿಂದ ಮೀನುಗಾರಿಕೆ ಮಾಡ್ತಿದೀರಾ ಅಂತ ಕೇಳ್ತಿದಾರೆ."

ಎದುರಿಗೆ ನೀರು ಇಳಿಯುತ್ತಿತ್ತು. ವರ್ಷದ ದೊಡ್ಡ ಇಳಿತದ ದಿನಗಳು ಅವು. ಹವಳದ ತಲೆಗಳು ಒಂದೊಂದೇ ಮೇಲೆ ಬರುತ್ತಿದ್ದವು. ನಾನು ಮೀನನ್ನು ತೊಟ್ಟಿಗೆ ಬಿಟ್ಟೆ.

"ನಾನು ಮೀನುಗಾರ್ತಿ ಅಲ್ಲ ಅಂತ ಹೇಳಿ. ನೀವೇ ಬರ್ಕೊಂಡಿದೀರಲ್ಲ."

ವಿದ್ಯಾಳ ಮುಖ ಕೆಂಪಾಯಿತು. ಸಾಹೇಬನಿಗೆ ಒಂದೇ ಒಂದು ಶಬ್ದ ಹೇಳಿದಳು. ಅವನು ಮೆಚ್ಚಿ ತಲೆದೂಗಿ ಬರೆದುಕೊಂಡ. ನಲವತ್ತು ಅಂದಿರಬೇಕು.

ನಾನು ನೀಲಿ ಅಂಗಿ ಬಿಚ್ಚಿದೆ. ಒಳಗೆ ನನ್ನ ರವಿಕೆ ಇತ್ತು, ಬೆವರಿನದು, ಮೀನು ನಾರುವಂಥದು. ಅಂಗಿಯನ್ನು ಮಡಚಿ ವಿದ್ಯಾಳ ಟ್ಯಾಬಿನ ಮೇಲಿಟ್ಟೆ. ಶೆಡ್ಡಿನ ಮೂಲೆಯಲ್ಲಿದ್ದ ನನ್ನ ಬುಟ್ಟಿ ತೆಗೆದುಕೊಂಡು ನೀರಿನ ಕಡೆ ನಡೆದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಧೈರ್ಯ ಹೋಗುತ್ತಿತ್ತು. ಹಿಂದೆ ಹೆಜ್ಜೆ ಸದ್ದು ಕೇಳಿತು, ಒಬ್ಬಳದಲ್ಲ, ಬಹಳ ಜನರದು. ಯಾವ ಮಾಯದಲ್ಲೋ ದೆಲ್ಫಿನಾ ಅಕ್ಕ ನಮಗಿಂತ ಮುಂದೆ ಹಗ್ಗದ ಹತ್ತಿರ ನಿಂತಿದ್ದಳು.

ಮೆಲ್ಕಿ ಪೀಪಿ ಊದಿಕೊಂಡು ಓಡಿಬಂದ.

"ಎಲ್ಲಿಗೆ ಎಲ್ರೂ?"

"ಸುಮ್ನೆ," ಅಂದೆ.

"ಬೋರ್ಡ್ ಕಾಣಲ್ವಾ ಚಿಕ್ಕಮ್ಮ? ಮೀನುಗಾರಿಕೆ ನಿಷೇಧ."

"ಕಾಣತ್ತಪ್ಪ. ನಾವು ಮೀನುಗಾರರಲ್ವಲ್ಲ. ನಂಬಿಕೆ ಇಲ್ದಿದ್ರೆ ಇಬು ವಿದ್ಯಾನ ಕೇಳು. ಮೀನುಗಾರರು ಅಂದ್ರೆ ನಾವು ಇಲ್ಲೇ ನಿಲ್ತೀವಿ, ನಮ್ ಪಾಲು ಕೊಡ್ಲಿ. ಅಲ್ಲ ಅಂದ್ರೆ ದಾರಿ ಬಿಡು."

ಮೆಲ್ಕಿ ವಿದ್ಯಾಳನ್ನು ನೋಡಿದ. ವಿದ್ಯಾ ಮ್ಯಾನೇಜರನನ್ನು ನೋಡಿದಳು. ಮ್ಯಾನೇಜರ್ ಹೊರದೇಶದ ಸಾಹೇಬನನ್ನು ನೋಡಿದ. ಹೌದು ಅಂದರೆ ಪಾಲು, ಅಲ್ಲ ಅಂದರೆ ಫೋಟೋ ಸುಳ್ಳು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗಾಗಿತ್ತು ಮ್ಯಾನೇಜರನ ಅವಸ್ಥೆ. ಕೊನೆಗೆ ಹಲ್ಲು ಕಿರಿದು, ಹೋಗಿ ಅನ್ನುವ ಹಾಗೆ ನಮ್ಮ ಕಡೆ ಕೈ ಬೀಸಿದ.

ಮೂರು ಗಂಟೆ ಇಳಿತದಲ್ಲಿದ್ದೆವು. ವರ್ಷದಿಂದ ಕೈಯಾಡಿಸದ ಕಲ್ಲುಗಳು. ದೆಲ್ಫಿನಾ ಅಕ್ಕ ಸಲಾಕೆಯಿಲ್ಲದೆ ಬರೀ ಕೈಯಲ್ಲಿ ಐದು ಅಷ್ಟಪದಿ ಎಳೆದಳು. ಸಾಹೇಬ ದಡದಲ್ಲಿ ಮಂಡಿಯೂರಿ ಫೋಟೋ ತೆಗೆದದ್ದೇ ತೆಗೆದದ್ದು. ಅವತ್ತು ಸಂಜೆ ಊರಿನ ಎಲ್ಲಾ ಮನೆಯಿಂದಲೂ ಚಿಪ್ಪಿನ ಸಾರಿನ ವಾಸನೆ ಬಂತು. ಬೊನಿಫಾಸ್ ಮೂರು ಸಲ ಬಡಿಸಿಕೊಂಡ.

ಪ್ರಮಾಣಪತ್ರ ಸಿಕ್ಕಿತಂತೆ. ಸಾಹೇಬನ ದೋಣಿ ಕಣ್ಮರೆಯಾದ ಮಾರನೆಯ ದಿನ ಒಬ್ಬ ಪೇಂಟರ್ ಬಂದ. ಬೋರ್ಡಿನ ಎದುರು ಸ್ಟೂಲು ಹಾಕಿಕೊಂಡು ಬಹಳ ಹೊತ್ತು ಕೆಲಸ ಮಾಡಿದ. ಅವನು ಹೋದ ಮೇಲೆ ನಾವು ಹೋಗಿ ಓದಿದೆವು. 'ಇಲ್ಲಿ ಮೀನುಗಾರಿಕೆ ಮತ್ತು ಸುಮ್ಮನೆ ಹೋಗುವುದು ನಿಷೇಧಿಸಲಾಗಿದೆ.'

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಜ್ಜಿಯರ ಕಾಲದಿಂದ ಯಾರ ಲೆಕ್ಕಕ್ಕೂ ಬರದಿದ್ದ ನಮ್ಮ ಕೆಲಸ ಮೊದಲ ಸಲ ಬೋರ್ಡಿಗೆ ಬಂದಿತ್ತು. ನಕ್ಕು ಮುಗಿದ ಮೇಲೆ ಯಾರಿಗೂ ಏನು ಮಾಡುವುದೆಂದು ತಿಳಿಯಲಿಲ್ಲ. ಬಾವಿಕಟ್ಟೆಯ ಹತ್ತಿರ ಸೇರಿದೆವು.

"ಇನ್ನೇನಂತ ಹೇಳಿ ಹೋಗೋದೇ?"

"ಕಾಲು ತೊಳೆಯೋಕೆ ಅನ್ನೋಣ."

"ಮದುವೆ ಉಂಗುರ ಬಿದ್ದೋಗಿದೆ, ಹುಡುಕ್ತಿದೀವಿ ಅನ್ನೋಣ."

"ಎಲ್ಲಾರದ್ದೂ ಒಂದೇ ದಿನ ಬಿತ್ತಾ?"

ದೆಲ್ಫಿನಾ ಅಕ್ಕ ಕುಟ್ಟಿದ ಅಡಕೆ ಬಾಯಿಗೆ ಹಾಕಿಕೊಂಡು ಕೇಳುತ್ತಾ ಕೂತಿದ್ದಳು. ಅಡಕೆ ಉಗುಳಿದಳು.

"ನಾಚಿಕೆ ಆಗಲ್ವೇನ್ರೇ ನಿಮಗೆ? ಐವತ್ತೈದು ವರ್ಷ ಆಯ್ತು ನಾನು ಇಳಿತಕ್ಕೆ ಹೋಗೋಕೆ ಶುರು ಮಾಡಿ. ಬಸುರಿ ಇದ್ದಾಗ ಹೋಗಿದೀನಿ, ಆ ಕೂಸು ಸತ್ತ ಮೂರನೇ ದಿನ ಹೋಗಿದೀನಿ. ಒಂದ್ ದಿನಾನೂ ನಾನು ಸುಮ್ನೆ ಹೋಗಿಲ್ಲ."

ಅವಳು ಎದ್ದು ನಿಂತಳು.

"ನಾಳೆ ಕೇಳಿದ್ರೆ ಮೀನು ಹಿಡಿಯೋಕೆ ಅಂತೀನಿ. ಬರೋರು ಬನ್ನಿ."

ಮನೆಗೆ ಬಂದು ಬೊನಿಫಾಸನಿಗೆ ಹೇಳಿದೆ. ಅವನು ಹೆದರಿದ.

"ಜೈಲಿಗೆ ಹಾಕ್ತಾರೆ ಕಣೆ."

"ಹಾಕ್ಲಿ. ಮರಗೆಣಸು ಹೆರೆದಿಟ್ಟಿದೀನಿ. ಕೋಳಿಗೆ ಮರೀದೆ ನೀರಿಡು."

"ನಾನಾ?"

"ಮತ್ತ್ಯಾರು? ಮನೇಲಿರೋನು ನೀನು ತಾನೆ?"

ತೊಂಬತ್ತರಲ್ಲಿ ಬಂದದ್ದು ಹನ್ನೊಂದು ಜನ. ಉಳಿದವರನ್ನು ಗಂಡಂದಿರು ಬಿಡಲಿಲ್ಲ, ಕೆಲವರನ್ನು ಭಯ ಬಿಡಲಿಲ್ಲ. ನಾನು ಅವರನ್ನು ಬೈಯುವುದಿಲ್ಲ. ಸಭೆಗೆ ಟೀ ಮಾಡಿಕೊಟ್ಟವಳು ಯಾವ ಬಾಯಲ್ಲಿ ಬೈಯಲಿ?

ಮೆಲ್ಕಿ ಹಗ್ಗದ ಹತ್ತಿರ ನಿಂತಿದ್ದ. ಪೀಪಿ ಊದಲಿಲ್ಲ.

"ಎಲ್ಲಿಗೆ ಅಜ್ಜಿ?"

"ಮೀನು ಹಿಡಿಯೋಕೆ."

"ಹಂಗನ್ಬೇಡ ಅಜ್ಜಿ. ಬೇರೆ ಏನಾದ್ರೂ ಹೇಳು, ನಾನು ಆ ಕಡೆ ತಿರುಗ್ಕೋತೀನಿ."

"ಮೀನು ಹಿಡಿಯೋಕೆ ಅಂದ್ನಲ್ಲೋ. ಕಿವಿ ಕೇಳಲ್ವಾ?"

"ಕೇಸ್ ಆಗತ್ತಜ್ಜಿ, ನಿನ್ ಕಾಲಿಗೆ ಬೀಳ್ತೀನಿ."

"ಹೋದ್ಸಲ ನಿಲ್ಸಿದಾಗ ಬೀಳ್ಬೇಕಿತ್ತು," ಅಂದು ಅವಳು ಹಗ್ಗ ದಾಟಿದಳು. ನಾವೂ ದಾಟಿದೆವು.

ಮಧ್ಯಾಹ್ನದೊಳಗೆ ಕಂಪನಿಯ ಲಾಂಚು ನಮ್ಮನ್ನು ತುಂಬಿಕೊಂಡು ದೊಡ್ಡ ದ್ವೀಪಕ್ಕೆ ಹೋಯಿತು. ಪೊಲೀಸ್ ಠಾಣೆಯಲ್ಲಿ ಬೆಂಚು ಇತ್ತು, ಆದರೆ ನಮ್ಮ ಸರೋಂಗು ಒದ್ದೆ ಅಂತ ಸಿಮೆಂಟಿನ ನೆಲದ ಮೇಲೆ ಕೂರಿಸಿದರು. ಬುಟ್ಟಿಗಳನ್ನು ಸಾಕ್ಷಿಗೆಂದು ಮೇಜಿನ ಮೇಲಿಟ್ಟರು. ಏಡಿಯೊಂದು ಮೇಜಿನ ಮೇಲೆಲ್ಲಾ ಓಡಾಡಿತು. ಎಳೆ ವಯಸ್ಸಿನ ಪೊಲೀಸಿನವನು ಕಂಪ್ಯೂಟರಿನ ಮುಂದೆ ಕೂತು ಒಬ್ಬೊಬ್ಬರದೇ ಗುರುತಿನ ಕಾರ್ಡು ಇಸಿದುಕೊಂಡ. ಮೊದಲು ದೆಲ್ಫಿನಾ ಅಕ್ಕನದು.

"ಅಪರಾಧ, ನಿಷೇಧಿತ ವಲಯದಲ್ಲಿ ಅಕ್ರಮ ಮೀನುಗಾರಿಕೆ," ಅಂತ ಗೊಣಗುತ್ತಾ ಒತ್ತಿದ. "ಉದ್ಯೋಗ..." ಕಾರ್ಡು ನೋಡಿದ. ಕೈ ನಿಂತಿತು. ಎರಡನೆಯ ಕಾರ್ಡು ನೋಡಿದ, ಮೂರನೆಯದು ನೋಡಿದ. ಒಳಗಿನ ಕೋಣೆಗೆ ಕೇಳುವ ಹಾಗೆ ಕೂಗಿದ.

"ಸಾರ್, ಎಲ್ರದ್ದೂ ಗೃಹಿಣಿ ಅಂತಿದೆ. ಗೃಹಿಣಿ ಮೀನುಗಾರಿಕೆ ಮಾಡಿದ್ಲು ಅಂತ ಹಾಕಿದ್ರೆ ಕೋರ್ಟಲ್ಲಿ ಕೇಸ್ ನಿಲ್ಲತ್ತಾ?"

ಒಳಗಿನಿಂದ ಅವನ ಮೇಲಧಿಕಾರಿಯ ದನಿ ಬಂತು. "ಕಂಪನಿಯವ್ರು ಕೇಸ್ ಗಟ್ಟಿ ಆಗ್ಬೇಕು ಅಂದಿದಾರೆ. ಮೀನುಗಾರರು ಅಂತ ಹಾಕ್ರಿ."

ಅವನು ಒತ್ತಿದ. ಹನ್ನೊಂದು ಸಲ ಒತ್ತಿದ. ಯಂತ್ರದಿಂದ ಕಾಗದ ಬಂತು. ದೆಲ್ಫಿನಾ ಅಕ್ಕನ ಮುಂದೆ ಶಾಯಿಯ ಡಬ್ಬಿ ಇಟ್ಟು ಹೆಬ್ಬೆಟ್ಟು ಒತ್ತು ಅಂದ. ಅವಳು ಕೈ ಮುಂದೆ ಮಾಡಲಿಲ್ಲ.

"ಏನ್ ಬರ್ದಿದೀಯ ಓದಪ್ಪ ಮೊದಲು."

"ದೆಲ್ಫಿನಾ ರೆನ್ವಾರಿನ್. ವಯಸ್ಸು ಎಪ್ಪತ್ತೊಂದು. ಉದ್ಯೋಗ, ಮೀನುಗಾರಿಕೆ."

"ಕಡೇದು ಇನ್ನೊಂದ್ಸಲ ಓದು."

"ಉದ್ಯೋಗ, ಮೀನುಗಾರಿಕೆ."

ಅವಳ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಅವಳು ಹೆಬ್ಬೆಟ್ಟನ್ನು ಶಾಯಿಗದ್ದಿ, ಇಡೀ ತೋಳಿನ ಭಾರ ಬಿಟ್ಟು ಒತ್ತಿದಳು.

"ಇದ್ರದ್ದು ನಕಲು ಕೊಡಪ್ಪ. ಸೀಲು ಹಾಕಿ ಕೊಡು. ಹನ್ನೊಂದು ಜನದ್ದೂ."

"ನಿಮಗ್ಯಾಕಜ್ಜಿ ಕೇಸಿನ ಕಾಗದ?"

"ಕಾರ್ಡು ತಿದ್ದಿಸೋಕೆ. ಆಮೇಲೆ ಪಾಲು ಕೇಳೋಕೆ."

ಅವನು ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದ, ನಮ್ಮ ಕಡೆ ಒಮ್ಮೆ ನೋಡಿದ. ಆರೋಪಿ ಕೇಳಿದರೆ ನಕಲು ಕೊಡಬೇಕು ಅಂತ ಕಾನೂನಿದೆಯಂತೆ. ಕಾಗದ ತೆಗೆದುಕೊಂಡು ಎದ್ದು ಹೋದ. ನಾವು ಹನ್ನೊಂದು ಮೀನುಗಾರ್ತಿಯರು ಸಿಮೆಂಟಿನ ನೆಲದ ಮೇಲೆ ಕೂತು ಕಾದೆವು.